ನಮ್ಮತ್ತೆ ಪಂಪು ನೋಡಿದ್ದು

ನಮ್ಮತ್ತೆ ಗಂಡನನ್ನು ಒಪ್ಪಿಕೊಳ್ಳಲು ತೆಗೆದುಕೊಂಡಿದ್ದು ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಪಂಪನ್ನು ಒಪ್ಪಿಕೊಳ್ಳಲು ತೆಗೆದುಕೊಂಡಿದ್ದು ಎರಡು ಮಳೆಗಾಲ, ನಡುವೆ ಒಂದು ಇಡೀ ಬೇಸಿಗೆ! ಇದನ್ನು ಅವಳ ಮುಂದೆಯೇ ಹೇಳಿದರೂ ಬೇಜಾರು ಮಾಡಿಕೊಳ್ಳುವುದಿಲ್ಲ. "ಗಂಡ ಸರಿಯಿಲ್ದಿದ್ರೆ ತಿದ್ಕೊಬೋದು ಕಣೇ, ಪಂಪ್ ತಿದ್ದಕ್ಕಾಯ್ತದಾ?" ಎಂದು ನನ್ನನ್ನೇ ಕೇಳುತ್ತಾಳೆ. ಆ ಹೊತ್ತಿಗೆ ನನ್ನ ಗಂಡ ಪಕ್ಕದಲ್ಲೇನಾದರೂ ಇದ್ದರೆ ಮೆತ್ತಗೆ ಎದ್ದು ಬಾಲ್ಕನಿಗೆ ಹೋಗಿಬಿಡುತ್ತಾರೆ.

ಅತ್ತೆ ಎಂದರೆ ಗಂಡನ ತಾಯಿ ಅಲ್ಲ, ನಮ್ಮಪ್ಪನ ಅಕ್ಕ. ನಮ್ಮದು ಬೆಂಗಳೂರಿನ ಯಡಿಯೂರಿನ ಹಳೇ ಮನೆತನ. ತಾತನ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದವರು, ಈಗ ಬಾಡಿಗೆದಾರರನ್ನು ಬೆಳೆಯುತ್ತೇವೆ. ಅತ್ತೆಯನ್ನು ಕನಕಪುರ ರಸ್ತೆಯ ತಲಘಟ್ಟಪುರಕ್ಕೆ ಕೊಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಅವಳು ತವರಿಗೆ ಬಂದಳು. ಬಂದಳು ಅನ್ನುವುದಕ್ಕಿಂತ ದಂಡೆತ್ತಿ ಬಂದಳು ಅಂದರೆ ಸರಿ. ಒಂದು ಹಿತ್ತಾಳೆ ಹಂಡೆ, ಒಂದು ಒರಳುಕಲ್ಲು, ಯಾರಿಗೂ ಹೆದರದ ಒಂದು ಕೋಳಿ, ಇಷ್ಟನ್ನು ಇಟ್ಟುಕೊಂಡು ನೆಲಮಹಡಿಯನ್ನು ವಶಪಡಿಸಿಕೊಂಡಳು. ಬಾಡಿಗೆದಾರರಿಗೆ ನಮ್ಮಪ್ಪ ಓನರ್ರು, ನಮ್ಮಪ್ಪನಿಗೆ ಅತ್ತೆ ಓನರ್ರು.

ತಲಘಟ್ಟಪುರದ ಆಚೆ, ಲೇಔಟ್‌ಗಳು ಇನ್ನೂ ಪೂರ್ತಿ ನುಂಗದ ಒಂದು ಕಡೆ, ಮಾವನ ಪಾಲಿಗೆ ಬಂದ ಒಂದು ತುಂಡು ಜಮೀನಿದೆ. ಮೇಲುಗಡೆ ದಿಬ್ಬ, ಕೆಳಗಡೆ ತುದಿಯಲ್ಲಿ ಕಲ್ಲು ಕಟ್ಟಿದ ಹಳೇ ಬಾವಿ. ಸುತ್ತಮುತ್ತ ಎಲ್ಲರ ಬೋರ್‌ವೆಲ್ಲೂ ಗಾಳಿ ಉಗುಳುತ್ತಿರುವಾಗ ಈ ಬಾವಿ ಮಾತ್ರ ಅದು ಹೇಗೋ ನೀರು ಇಟ್ಟುಕೊಂಡಿದೆ. ಅಲ್ಲಿ ಬಾಡಿಗೆಗೆ ಶೆಡ್ ಹಾಕಿಸೋಣ ಎಂದು ಅಪ್ಪ. ದಿಬ್ಬದ ಮೇಲೆ ಅವರೆ ಹಾಕಬೇಕು ಎಂದು ಅತ್ತೆ.

"ಅವರೆಕಾಯಿ ಮಾರ್ಕೆಟ್ಟಲ್ಲೇ ಸಿಗುತ್ತಲ್ಲ ಅಕ್ಕ" ಎಂದರು ಅಪ್ಪ.

"ಮಾರ್ಕೆಟ್ ಅವರೇಲಿ ಸೊಗಡೆಲ್ಲಿ ಐತೋ? ಮಂಜು ಬಿದ್ದಿರೋ ಗಿಡದಿಂದ ಕಿತ್ರೆ ಸಾಯಂಕಾಲ ತನಕ ಕೈ ಘಮ್ ಅನ್ಬೇಕು. ನಿನ್ ಮೂಗು ಬಾಡಿಗೆ ವಾಸನೆಗೆ ಒಗ್ಗೋಗೈತೆ ಬಿಡು."

ಮೊದಲ ವರ್ಷ ಕೊಡಪಾನದಲ್ಲಿ ನೀರು ಹೊತ್ತು ದಿಬ್ಬ ಹತ್ತಿದಳು. ಅವರೆಯೇನೋ ಬಂತು, ಜೊತೆಗೆ ಮಂಡಿನೋವೂ ಬಂತು. ಜಯನಗರದ ಡಾಕ್ಟರು ಎಕ್ಸ್‌ರೇ ಹಿಡಿದುಕೊಂಡು, ಇನ್ನು ಮೇಲೆ ಕೊಡಪಾನ ಮುಟ್ಟಿದರೆ ನನ್ನ ಹತ್ತಿರ ಬರಲೇಬೇಡಿ ಎಂದುಬಿಟ್ಟರು. ಹೀಗಾಗಿ ಪಂಪು ಬೇಕಾಯಿತು. ನಮ್ಮ ನೆಮ್ಮದಿಯೂ ಅಲ್ಲಿಂದ ಹೋಯಿತು!

ಮೊದಲ ಮಾತುಕತೆ ಮನೆಯಲ್ಲೇ ನಡೆಯಿತು. ಅಪ್ಪ ದೊಡ್ಡ ಮನಸ್ಸು ಮಾಡಿ, "ಹಾಕ್ಸೋದೇ ಆದ್ರೆ ಐದು ಹೆಚ್‌ಪಿ ಹಾಕ್ಸೋಣ ಅಕ್ಕ. ಸ್ವಿಚ್ ಹಾಕಿ ಕಾಫಿ ಕುಡಿದು ಬರೋದ್ರೊಳಗೆ ಇಡೀ ತೋಟ ತೊಯ್ದೋಗಿರುತ್ತೆ" ಎಂದರು.

"ಹೆಚ್‌ಪಿ ಅಂದ್ರೆ ಏನೋ?"

"ಹಾರ್ಸ್ ಪವರ್. ಕುದುರೆ ಶಕ್ತಿ."

"ಐದು ಕುದುರೇನ ಒಂದು ಬಾವಿಗೆ ಇಳಿಸ್ತೀಯಾ? ಬಾವಿ ಉಳೀತದೇನೋ?" ಅತ್ತೆ ಬೆರಳು ಮಡಚಿ ಲೆಕ್ಕ ಹಾಕಿದಳು. "ಅರ್ಧ ಕುದುರೆ ಸಿಕ್ತದಾ?"

"ಸಿಗುತ್ತೆ."

"ಮುಂದಿನ ಅರ್ಧನಾ, ಹಿಂದಿನ ಅರ್ಧನಾ?"

ಅಪ್ಪ ಯಾರದೋ ಫೋನ್ ಬಂದ ಹಾಗೆ ಕಿವಿಗೆ ಹಚ್ಚಿಕೊಂಡು ಮಹಡಿ ಹತ್ತಿದರು. ಫೋನ್ ರಿಂಗೇ ಆಗಿರಲಿಲ್ಲ. ಆ ಕ್ಷಣದಿಂದ ಪಂಪಿನ ಖಾತೆ ನನ್ನ ಹೆಗಲಿಗೆ ಬಿತ್ತು. ಏಕೆಂದರೆ ಮನೆಯವರಲ್ಲಿ ಸ್ಕೂಟರ್ ಇದ್ದದ್ದೂ, ಭಾನುವಾರ ಬಿಡುವಿದ್ದದ್ದೂ, ಇಲ್ಲ ಎನ್ನಲು ಬಾರದೇ ಇದ್ದದ್ದೂ ನನ್ನೊಬ್ಬಳಿಗೇ.

ಜಯನಗರದ ನಾಲ್ಕನೇ ಬ್ಲಾಕಿನ ಹತ್ತಿರದ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದೆ. ಎಸಿ ಇತ್ತು, ಗಾಜಿನ ಹಿಂದೆ ಪಂಪುಗಳು ಒಡವೆಗಳ ಹಾಗೆ ಕೂತಿದ್ದವು. ಇಸ್ತ್ರಿ ಮುರಿಯದ ಶರ್ಟಿನ ಸೇಲ್ಸ್‌ಮನ್ ಬಂದು ನಗುತ್ತಾ ಕೇಳಿದ: "ಹೆಡ್ ಎಷ್ಟಿದೆ ಅಮ್ಮ?"

ಅತ್ತೆ ತಲೆ ಮುಟ್ಟಿ ನೋಡಿಕೊಂಡಳು. "ಯಾಕಪ್ಪ, ಹೆಡ್ ಸರಿಯಾಗೇ ಐತಲ್ಲ? ನಾನ್ ಬಂದಿರೋದು ಪಂಪ್ ಕೇಳಕ್ಕೆ. ಟೋಪಿ ಹಾಕ್ಸ್ಕೊಳಕ್ಕಲ್ಲ."

ನೀರನ್ನು ಎಷ್ಟು ಎತ್ತರಕ್ಕೆ ಎತ್ತಬೇಕೋ ಅದಕ್ಕೆ ಪಂಪಿನವರು ಹೆಡ್ ಅನ್ನುತ್ತಾರೆ ಎಂದು ಪಾಪ ಆತ ವಿವರಿಸಿದ. ಅತ್ತೆಗೆ ಅರ್ಥವಾಯಿತು. ಮುಂದಿನ ಭಾನುವಾರ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿಕೊಂಡು, ಹಳೇ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ, ತುದಿಗೆ ಒಂದು ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟಳು. ಆಮೇಲೆ ದಿಬ್ಬದ ಸರದಿ. ನಾನು ಸೆರಗಿನ ತುದಿ ಹಿಡಿದು ಮೇಲೆ, ಅವಳು ಕೆಳಗೆ. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಬೈಕ್ ನಿಲ್ಲಿಸಿ, "ಶೂಟಿಂಗಾ ಮೇಡಂ?" ಎಂದು ಕೇಳಿದರು.

ಲೆಕ್ಕ ಸಿದ್ಧವಾಯಿತು. ಮತ್ತೆ ಅದೇ ಎಸಿ ಅಂಗಡಿ. "ನೀರು ತನಕ ಎರಡು ಸೀರೆ. ಅಲ್ಲಿಂದ ಮೇಲೆ ದಿಬ್ಬಕ್ಕೆ ಒಂದೂವರೆ ಸೀರೆ" ಎಂದು ಅತ್ತೆ ಗಂಭೀರವಾಗಿ ಒಪ್ಪಿಸಿದಳು. ಸೇಲ್ಸ್‌ಮನ್ ನನ್ನ ಮುಖ ನೋಡಿದ. ನಾನು ಎಸಿಯ ಮುಖ ನೋಡಿದೆ. ಆತ ಇನ್ಯಾರನ್ನೋ ಕರೆದುಕೊಂಡು ಬರುತ್ತೇನೆ ಎಂದು ಒಳಗೆ ಹೋದವನು ಹೊರಗೆ ಬರಲೇ ಇಲ್ಲ.

ಬನಶಂಕರಿಯಲ್ಲಿ ಇನ್ನೊಂದು ಅಂಗಡಿ. ಎಸಿ ಇಲ್ಲ, ಗಾಜಿಲ್ಲ, ಒಳಗೆ ಕಾಲಿಡಲು ಪೈಪುಗಳನ್ನು ದಾಟಬೇಕು. ಓನರ್ರು ಕನ್ನಡಕ ಹಣೆಗೇರಿಸಿಕೊಂಡು ಇಡ್ಲಿ ತಿನ್ನುತ್ತಿದ್ದರು. ಅತ್ತೆ ಅದೇ ಲೆಕ್ಕ ಹೇಳಿದಳು. ಅವರು ಕೈ ತೊಳೆದು ಬಂದು, ಒಂದಿಷ್ಟೂ ನಗದೆ ಕೇಳಿದರು: "ಆರು ಗಜದ್ದಾ, ಒಂಬತ್ತು ಗಜದ್ದಾ ಅಮ್ಮ?"

ಅತ್ತೆಯ ಮುಖ ಅರಳಿದ್ದನ್ನು ನೋಡಬೇಕಿತ್ತು! "ಆರು ಗಜದ್ದು" ಎಂದು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಪಂಪು ಕೊಂಡರೆ ಈ ಮನುಷ್ಯನ ಹತ್ತಿರವೇ ಎಂದು ಆ ಸ್ಟೂಲಿನ ಮೇಲೇ ತೀರ್ಮಾನವಾಗಿತ್ತು. ಆದರೆ ಯಾವ ಪಂಪು ಎನ್ನುವುದು ಬೇರೆ ವಿಷಯ. ಅವರು ಏನನ್ನು ತೋರಿಸಿದರೂ ಅತ್ತೆ ಸುತ್ತು ಹಾಕಿ ನೋಡುತ್ತಾಳೆ, ತಟ್ಟುತ್ತಾಳೆ, ತಲೆಯಾಡಿಸುತ್ತಾಳೆ. ಕೊನೆಗೆ ಅವರೇ, "ಒಂದು ಕೆಲಸ ಮಾಡಿ. ನಾಲ್ಕು ಕಡೆ ಓಡ್ತಿರೋ ಪಂಪ್‌ಗಳನ್ನ ನೋಡ್ಕೊಂಡ್ ಬನ್ನಿ. ನಿಮಗೇ ಒಂದು ಅಂದಾಜು ಸಿಗುತ್ತೆ" ಎಂದರು. ಯಾರಿಗೆ ಏನು ಹೇಳುತ್ತಿದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ.

ಅದಾದ ಮೇಲೆ ಯಡಿಯೂರಿನಲ್ಲಿ ಯಾರ ಮನೆಯ ಮೋಟರ್ ಆನ್ ಆದರೂ ಅತ್ತೆ ಹಾಜರು. ಕೆರೆಯ ಸುತ್ತ ವಾಕಿಂಗ್ ಹೋದವಳು ದಾರಿಯಲ್ಲಿ ನಿಂತು ಕಾಂಪೌಂಡಿಗೆ ಕಿವಿ ಕೊಟ್ಟು ಕೇಳುತ್ತಿದ್ದಳು. ನಮ್ಮ ಮನೆಯ ಮೋಟರಿಗೂ ತೀರ್ಪು ಬಂತು: "ಕೆಲ್ಸ ಕಮ್ಮಿ, ಗೊಣಗೋದು ಜಾಸ್ತಿ. ನಿಮ್ಮಪ್ಪನ ತರಾನೇ."

ಮದುವೆಯಾದ ಮೇಲೆ ನಾನಿರುವುದು ಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಒಂದು ಬೆಳಿಗ್ಗೆ ಸೆಕ್ಯುರಿಟಿಯವರ ಫೋನ್ ಬಂತು. "ಮೇಡಂ, ಯಾರೋ ಅಜ್ಜಿ ಸಂಪ್ ಮುಚ್ಚಳದ ಮೇಲೆ ಕಿವಿ ಇಟ್ಕೊಂಡು ಕೂತವ್ರೆ. ಏನ್ ಕೇಳಿದ್ರೂ 'ಉಶ್' ಅಂತವ್ರೆ. ನಿಮ್ ಹೆಸ್ರು ಹೇಳಿದ್ರು."

ಯಾರೋ ನನಗೆ ಗೊತ್ತಿಲ್ಲ ಎಂದುಬಿಡುವ ಆಸೆ ಒಂದು ಕ್ಷಣ ಬಂದದ್ದು ನಿಜ. ಕೆಳಗಿಳಿದು ಹೋದರೆ ಅಸೋಸಿಯೇಷನ್ನಿನ ಸೆಕ್ರೆಟರಿಯೂ ಬಂದು ನಿಂತಿದ್ದಾರೆ. ಅತ್ತೆ ಮಂಡಿ ಹಿಡಿದುಕೊಂಡು ಎದ್ದು, ಸೀರೆಯ ಧೂಳು ಕೊಡವಿ, ಅವರಿಗೇ ಹೇಳಿದಳು: "ಹೊಟ್ಟೆಬಾಕ ನನ್ಮಗ. ಗಬಗಬ ಅಂತ ನುಂಗ್ತಾನೆ. ಎಷ್ಟು ಇದ್ರೂ ಇವನಿಗೆ ಸಾಲಲ್ಲ." ಸೆಕ್ರೆಟರಿಗೆ ಇದು ಮೋಟರಿನ ಬಗ್ಗೆ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಇವತ್ತಿಗೂ ಅವರಿಗೆ ಪೂರ್ತಿ ನಂಬಿಕೆ ಬಂದ ಹಾಗಿಲ್ಲ.

ಈ ನಡುವೆ ಅಪ್ಪನ ತಾಳ್ಮೆಯ ಕಟ್ಟೆಯೊಡೆಯಿತು. ಅತ್ತೆ ಯಾವುದೋ ಮದುವೆಗೆ ಹೋಗಿದ್ದ ದಿನ, ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೇ ಪಂಪೊಂದನ್ನು ಕಾರಿಗೆ ಹಾಕಿಕೊಂಡು ಹೋಗಿ ಬಾವಿಯ ಕಟ್ಟೆಯ ಮೇಲೆ ಕೂರಿಸಿದರು. ಸರ್‌ಪ್ರೈಸ್ ಕೊಡುತ್ತಾರಂತೆ! ಮೇಲೆ ಕೂತು ನೀರು ಹೀರುವ ಪಂಪು ಅದು. ಓಡುವ ಮೊದಲು ಅದರ ಬಾಯಿಗೆ ನೀರು ಹುಯ್ಯಬೇಕು. ಅಪ್ಪ ಬಾವಿಯಿಂದ ಸೇದಿ ಸೇದಿ ಹುಯ್ದರು. ಸ್ವಿಚ್ ಹಾಕಿದರೆ 'ಗುಂಯ್' ಎನ್ನುತ್ತದೆ, ನೀರಿಲ್ಲ. ಮತ್ತೆ ಸೇದಿದರು, ಮತ್ತೆ ಹುಯ್ದರು, ಮತ್ತೆ 'ಗುಂಯ್.' ಅಷ್ಟು ಆಳದಿಂದ ನೀರು ಹೀರುವುದು ಯಾವ ಕಟ್ಟೆ ಮೇಲಿನ ಪಂಪಿಗೂ ಆಗುವ ಕೆಲಸವಲ್ಲ ಎಂದು ಬನಶಂಕರಿಯ ಓನರ್ರು ಆಮೇಲೆ ಹೇಳಿದರು. ಅಪ್ಪ ಮಾತ್ರ ಸಂಜೆಯವರೆಗೂ ಬಿಡಲಿಲ್ಲ. ಮದುವೆಯೂಟ ಮುಗಿಸಿಕೊಂಡು ಅತ್ತೆ ಅಲ್ಲಿಗೇ ಬಂದಳು. ಕೆಸರಿನಲ್ಲಿ ಕೂತಿದ್ದ ತಮ್ಮನನ್ನು ನೋಡಿದಳು, ಒದ್ದೆಯಾದ ನೆಲ ನೋಡಿದಳು. "ನೀನು ಇದಕ್ಕೆ ಕುಡಿಸಿರೋ ನೀರನ್ನ ಗಿಡಕ್ಕೆ ಹಾಕಿದ್ರೆ ಇಷ್ಟೊತ್ಗೆ ಅವರೆ ಹೂ ಬಿಡ್ತಿತ್ತು ಕಣೋ" ಎಂದು, ಮದುವೆಯಿಂದ ತಂದಿದ್ದ ಲಾಡನ್ನು ಅವರ ಕೈಗೆ ಕೊಟ್ಟಳು.

ಇಷ್ಟೆಲ್ಲಾ ಆಗುವಾಗ ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಪಂಪು ಕೊಳ್ಳುವವರು ಎಲ್ಲರೂ ಕೇಳುವುದು ಎಷ್ಟು ಬೇಗ ನೀರೆತ್ತುತ್ತದೆ ಎಂದು. ಅತ್ತೆ ಪ್ರತಿ ಪಂಪಿನ ಮುಂದೆಯೂ ಕೇಳುತ್ತಿದ್ದುದು, "ಇದು ಎಷ್ಟು ನಿಧಾನಕ್ಕೆ ಎತ್ತುತ್ತೆ?" ಎಂದು.

ಬನಶಂಕರಿಯ ಓನರ್ರು ಒಂದು ದಿನ ಕೇಳಿಯೇಬಿಟ್ಟರು. "ಅಮ್ಮ, ಇಷ್ಟು ವರ್ಷ ಅಂಗಡಿ ನಡೆಸಿದೀನಿ, ನಿಧಾನದ ಪಂಪ್ ಕೊಡಿ ಅಂದೋರು ನೀವೊಬ್ರೇ. ಯಾಕಮ್ಮ?"

"ಬಾವೀಲಿ ಇನ್ನೊಬ್ರು ಪಾಲೈತೆ" ಎಂದಳು ಅತ್ತೆ.

ಆ ಇನ್ನೊಬ್ಬರು ಅವಳ ಓರಗಿತ್ತಿ, ಅಂದರೆ ಮಾವನ ಅಣ್ಣನ ಹೆಂಡತಿ. ಜಮೀನು ಪಾಲಾದಾಗ ಗಡಿ ನೆಟ್ಟಗೆ ಬಾವಿಯ ಮೇಲೇ ಹಾದುಹೋಯಿತು. ಬಾವಿಯ ಅರ್ಧ ಬೇಲಿಯ ಈ ಕಡೆ, ಅರ್ಧ ಆ ಕಡೆ. ಈ ಕಡೆಗೊಂದು ರಾಟೆ, ಆ ಕಡೆಗೊಂದು ರಾಟೆ. ಆ ಕಡೆ ಓರಗಿತ್ತಿ ಒಂದಿಷ್ಟು ಕನಕಾಂಬರ ಬೆಳೆಸಿಕೊಂಡು, ದಿನಾ ಬೆಳಿಗ್ಗೆ ಬಂದು ಸೇದಿ ಹಾಕುತ್ತಿದ್ದಳು. ಇಬ್ಬರಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಯಾಕೆ ಜಗಳವಾಯಿತು ಎಂದು ಅತ್ತೆಯನ್ನು ಕೇಳಿದರೆ ಒಂದು ಸಲ ನಾಮಕರಣದಲ್ಲಿ ಎಲೆಗೆ ಒಬ್ಬಟ್ಟು ಹಾಕದೆ ಮುಂದೆ ಹೋದಳು ಅನ್ನುತ್ತಾಳೆ, ಇನ್ನೊಂದು ಸಲ ಕೊಟ್ಟ ಸೇರನ್ನು ವಾಪಸ್ ಕೊಡಲಿಲ್ಲ ಅನ್ನುತ್ತಾಳೆ, ಮತ್ತೊಂದು ಸಲ "ಅವಳಿಗೇ ಗೊತ್ತು ಹೋಗು" ಅನ್ನುತ್ತಾಳೆ. ಕಾರಣ ಏನೇ ಇರಲಿ, ವ್ರತ ಮಾತ್ರ ಕಟ್ಟುನಿಟ್ಟು. ಒಂದೇ ಹೊತ್ತಿಗೆ ಇಬ್ಬರೂ ಬಾವಿಗೆ ಬಂದರೆ ಒಬ್ಬಳು ಪೂರ್ವಕ್ಕೆ, ಒಬ್ಬಳು ಪಶ್ಚಿಮಕ್ಕೆ ಮುಖ ಮಾಡಿಕೊಂಡು ಸೇದುವುದು. ಬಿಂದಿಗೆಗಳು ಬಾವಿಯೊಳಗೆ ಒಂದಕ್ಕೊಂದು ಡಿಕ್ಕಿ ಹೊಡೆದರೂ ಬಗ್ಗಿ ನೋಡುವ ಹಾಗಿಲ್ಲ. ಅತ್ತೆ ಯಡಿಯೂರಿಗೆ ಬಂದ ಮೇಲೆ ವಾರಕ್ಕೊಮ್ಮೆ ಜಮೀನಿಗೆ ಹೋದರೂ ಬೇಲಿಯ ಆಚೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ನಿಧಾನದ ಪಂಪಿನ ಸುದ್ದಿ ಅಪ್ಪನ ಕಿವಿಗೆ ಬಿದ್ದಾಗ ಮನೆಯಲ್ಲಿ ರಂಪವೇ ಆಯಿತು. "ಅವರ ಕಡೆಯವರು ಭಾವನ ತಿಥಿಗೂ ಬರ್ಲಿಲ್ಲ. ಅಂಥವರಿಗೋಸ್ಕರ ನೀನು ಅರ್ಧ ಕುದುರೆ ತರ್ತೀಯಾ? ಮಾತೇ ಇಲ್ವಲ್ಲ ಅಕ್ಕ ನಿಮ್ಮಿಬ್ರಿಗೆ!"

ಅತ್ತೆ ಅವರೆಕಾಳು ಹಿಚುಕುತ್ತಿದ್ದಳು. ತಲೆಯೆತ್ತಲಿಲ್ಲ. "ಮಾತ್ ಬಿಟ್ಟಿರೋದು ಅವಳ ಹತ್ರ ಕಣೋ. ಬಾವಿ ಹತ್ರ ಅಲ್ಲ" ಎಂದಳು. "ನಂದು ಕರೆಂಟು, ಅವಳ್ದು ಹಗ್ಗ. ನಾನು ಬೆಳಿಗ್ಗೆ ಬೆಳಿಗ್ಗೇನೇ ಎಲ್ಲಾ ಎಳ್ಕೊಂಡ್ರೆ ಅವಳ ಬಿಂದಿಗೆ ತಳ ಮುಟ್ತದೆ. ಅವಳು ಬಾಯ್ಬಿಟ್ಟು ಕೇಳೋಳಲ್ಲ. ನಾನಂತೂ ಹೇಳೋಳಲ್ಲ. ಇನ್ನೇನ್ ಮಾಡ್ಲಿ? ಅದಕ್ಕೇ ಪಂಪೇ ಮರ್ಯಾದಸ್ಥ ಆಗಿರ್ಬೇಕು."

ಎರಡು ಮಳೆಗಾಲ ಇವಳು ಬರೀ ಸತಾಯಿಸುತ್ತಿದ್ದಾಳೆ ಅಂದುಕೊಂಡಿದ್ದ ನಾನು ಅವಳ ಪಕ್ಕ ಕೂತು ನಾಲ್ಕು ಕಾಳು ಹಿಚುಕಿದೆ.

ಕೊನೆಗೂ ಪಂಪು ಸಿಕ್ಕಿತು. ಬಾವಿಯ ನೀರಿನೊಳಗೇ ಮುಳುಗಿ ಕೂರುವ ಅರ್ಧ ಹೆಚ್‌ಪಿಯ ಪಂಪು. "ಇದು ಬಡಪಾಯಿ ಪಂಪಮ್ಮ. ಅಷ್ಟು ಎತ್ತರಕ್ಕೆ ಬರೋಷ್ಟರಲ್ಲಿ ನೀರು ಸಣ್ಣಗಾಗುತ್ತೆ. ತೋಟಕ್ಕೆ ಅಂತ ಯಾರೂ ತಗೊಳಲ್ಲ" ಎಂದು ಓನರ್ರು ಹಿಂಜರಿಯುತ್ತಲೇ ಅಂಗಡಿಯ ಹಿಂದಿನ ಡ್ರಮ್ಮಿಗೆ ಇಳಿಸಿ ಓಡಿಸಿದರು. ಅತ್ತೆ ಡ್ರಮ್ಮಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿದಳು. ನಾನೂ, ಓನರ್ರೂ ಉಸಿರು ಹಿಡಿದು ನಿಂತೆವು. ಪರೀಕ್ಷೆಯ ರಿಸಲ್ಟಿಗೆ ಕಾಯುವಾಗಲೂ ನಾನು ಹಾಗೆ ನಿಂತವಳಲ್ಲ.

"ಇದಕ್ಕೆ ಸಂಕೋಚ ಐತೆ" ಎಂದಳು ಅತ್ತೆ, ಕಣ್ಣು ತೆರೆದು. "ಇದನ್ನೇ ಕೊಡಿ."

ಸ್ಕೂಟರಿನಲ್ಲಿ ಇಡಲು ಜಾಗವಿರಲಿಲ್ಲ. ಆಟೋ ಕರೆದರೆ ಬೇಡ ಎಂದಳು. ಗುಂಡಿಗೆ ಬಿದ್ದು ಕುಲುಕಿದರೆ ಅದರ ಹೊಟ್ಟೆಯೊಳಗೆ ಏನಾದರೂ ಆದರೆ? ಹಾಗಾಗಿ ಮೆಟ್ರೋ! ಬನಶಂಕರಿ ಸ್ಟೇಷನ್ನಿನ ಸ್ಕ್ಯಾನರಿನಲ್ಲಿ ಪಂಪು ಹೋಗುತ್ತಿದ್ದ ಹಾಗೆ ಸೆಕ್ಯುರಿಟಿಯ ಹೆಂಗಸು ಎದ್ದು ನಿಂತಳು. "ಏನಮ್ಮ ಇದು?"

"ಪಂಪು. ನೀನೂ ನೋಡು, ಒಳಗೆಲ್ಲಾ ಸರಿಯಾಗೈತಾ ಆ ಟೀವಿಲಿ?"

ಆಕೆ ನಕ್ಕು, ತಮ್ಮ ಮನೆಯ ಮೋಟರ್ ಓಡಿದರೂ ಟ್ಯಾಂಕ್ ತುಂಬುತ್ತಿಲ್ಲ ಎಂದು ಬಾಯಿತಪ್ಪಿ ಹೇಳಿದಳು. ಅತ್ತೆ ಅಲ್ಲೇ ನಿಂತು ವಿಚಾರಣೆ ಶುರುಮಾಡಿದಳು. ಹೆಡ್ ಎಷ್ಟು? ಗೊಣಗುತ್ತದೋ, ಕೆಮ್ಮುತ್ತದೋ? ನಮ್ಮ ಹಿಂದಿನ ಕ್ಯೂ ಮೆಟ್ಟಿಲಿನವರೆಗೂ ಬೆಳೆದಿತ್ತು. ಒಳಗೆ ರೈಲಿನಲ್ಲಿ ಒಬ್ಬ ಹುಡುಗಿ ಎದ್ದು, "ಕೂತ್ಕೊಳಿ ಅಜ್ಜಿ" ಎಂದು ಸೀಟು ಬಿಟ್ಟಳು. ಅತ್ತೆ "ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ" ಎಂದು ಹರಸಿ, ಸೀಟಿನ ಮೇಲೆ ಪಂಪನ್ನು ಕೂರಿಸಿದಳು. ತಾನು ಕಂಬ ಹಿಡಿದು ತಲಘಟ್ಟಪುರದವರೆಗೂ ನಿಂತೇ ಬಂದಳು. "ಹೊಸಬ. ನಿಂತು ಅಭ್ಯಾಸ ಇರಲ್ಲ" ಎಂದು ಎದುರಿನವರಿಗೆ ಸಮಜಾಯಿಷಿ ಬೇರೆ!

ಪಂಪು ಇಳಿಸುವ ದಿನ ನಾವು ನಾಲ್ವರು. ಅತ್ತೆ, ಅಪ್ಪ, ನಾನು, ತಲಘಟ್ಟಪುರದ ಫಿಟ್ಟರ್. ಪಂಪಿಗೆ ಅರಿಶಿನ ಕುಂಕುಮವಾಯಿತು, ಕರ್ಪೂರವಾಯಿತು. ಅಪ್ಪ ಮುನಿಸಿನಲ್ಲೇ ತೆಂಗಿನಕಾಯಿ ಒಡೆದರು. ಫಿಟ್ಟರ್ ಹಗ್ಗ ಕಟ್ಟಿ ಪಂಪನ್ನು ನೀರಿಗೆ ಇಳಿಬಿಟ್ಟ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದೇವರ ಹೆಸರು ಹೇಳಿ ಸ್ವಿಚ್ ಒತ್ತಿದಳು. ನಾವು ಮೂವರೂ ದಿಬ್ಬದ ಮೇಲಿನ ಪೈಪಿನ ಬಾಯಿಗೆ ಓಡಿದೆವು. ಪೈಪು ಒಂದು ಸಲ ಕೆಮ್ಮಿತು, ಗಾಳಿ ಬಿಟ್ಟಿತು, ಸುಮ್ಮನಾಯಿತು. ಆಮೇಲೆ ತಣ್ಣಗೆ, ಬೆರಳು ಗಾತ್ರದ ನೀರು ಬಂತು.

"ಇದೇನಿದು! ನಮ್ಮನೆ ಬಚ್ಚಲ ನಲ್ಲೀಲಿ ಇದಕ್ಕಿಂತ ಜೋರಾಗಿ ಬರುತ್ತೆ!" ಎಂದರು ಅಪ್ಪ. ಆದರೂ ಬಗ್ಗಿ ಮುಖ ತೊಳೆದುಕೊಂಡರು. ಆ ನೀರಿನಲ್ಲಿ ಅವರ ಮುನಿಸೂ ಹೋಯಿತು. "ಅಕ್ಕಾ, ಬಂತು! ಬಾ, ಬಂದು ನೋಡು!"

ಅತ್ತೆ ಬರಲಿಲ್ಲ. ನಾನು ಕೆಳಗಿಳಿದು ಹೋದೆ. ಅವಳು ಬಾವಿಯ ಕಟ್ಟೆ ಹಿಡಿದು ಒಳಗೆ ಬಗ್ಗಿ ನೋಡುತ್ತಿದ್ದಳು. ನೀರು ಎಷ್ಟು ಇಳಿಯುತ್ತಿದೆ ಎಂದು ಕಲ್ಲಿನ ವರಸೆ ಎಣಿಸುತ್ತಿದ್ದಳು. "ಇಳಿದೇ ಇಲ್ಲ ನೋಡೇ. ಒಂಚೂರೂ ಇಳಿದಿಲ್ಲ!" ಎಂದು ಹಿಗ್ಗಿನಲ್ಲಿ ತಲೆಯೆತ್ತಿದವಳು ಹಾಗೆಯೇ ನಿಂತುಬಿಟ್ಟಳು. ಎದುರಿಗೆ ಆ ಕಡೆಯ ರಾಟೆ. ಅಷ್ಟು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ನೇರವಾಗಿ ನೋಡಿದ್ದಳು. ರಾಟೆಯಿಂದ ಕಂಬದವರೆಗೆ ಜೇಡ ದೊಡ್ಡದಾಗಿ ಬಲೆ ನೇಯ್ದಿತ್ತು. ಹಗ್ಗ ಒಣಗಿ ಬೆಳ್ಳಗಾಗಿತ್ತು. ಬೇಲಿಯ ಸಂದಿಯಲ್ಲಿ ಕಾಣುತ್ತಿದ್ದ ಕನಕಾಂಬರದ ಗಿಡಗಳು ಕಡ್ಡಿಯಾಗಿದ್ದವು.

"ಅಕ್ಕಾ!" ಎಂದು ಕೂಗಿದಳು ಅತ್ತೆ.

ನನ್ನ ಜನ್ಮದಲ್ಲಿ ಅವಳ ಬಾಯಿಂದ ಆ ಕಡೆಗೆ ಒಂದು ಮಾತು ಹೋದದ್ದನ್ನು ನಾನು ಕೇಳಿರಲಿಲ್ಲ. "ಅಕ್ಕಾ! ಏ ಅಕ್ಕಾ!" ಬೇಲಿಯ ಆಚೆ ಯಾರೂ ಇರಲಿಲ್ಲ.

ದಿಬ್ಬ ಇಳಿದು ಬಂದ ಫಿಟ್ಟರ್ ಹೇಳಿದ. "ಆ ಅಜ್ಜಿನಾ? ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ರಲ್ಲಮ್ಮ. ಆಪರೇಷನ್ ಆಯ್ತು. ಬೇಸಿಗೆಯಿಂದ ಜೆಪಿ ನಗರದಲ್ಲಿ ಮಗಳ ಮನೇಲವ್ರೆ. ನಿಮಗ್ ಗೊತ್ತಿರ್ಲಿಲ್ವಾ?"

ಅತ್ತೆ ಮಂಡಿ ಹಿಡಿದುಕೊಂಡೇ ದಿಬ್ಬ ಹತ್ತಿದಳು. ಪೂಜೆಗೆ ತಂದಿದ್ದ ಚೊಂಬಿನ ನೀರನ್ನು ಚೆಲ್ಲಿ, ಪೈಪಿನಿಂದ ಬರುತ್ತಿದ್ದ ನೀರನ್ನು ಅದಕ್ಕೆ ಹಿಡಿದುಕೊಂಡು, ಇಳಿದು ಬಂದು ಸ್ವಿಚ್ ಆಫ್ ಮಾಡಿದಳು. "ಸ್ಕೂಟ್ರು ತೆಗಿಯೇ" ಎಂದಳು. ಅಪ್ಪ ಅವಳ ಮುಖ ನೋಡಿ, ಓರಗಿತ್ತಿಯ ಮಗಳ ಮನೆಯ ವಿಳಾಸವನ್ನು ತಾವೇ ಫಿಟ್ಟರನ ಹತ್ತಿರ ಕೇಳಿ ನನಗೆ ಹೇಳಿದರು.

ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಅತ್ತೆ ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡು ಹಿಂದೆ ಕೂತಿದ್ದಳು. ಯಾವ ಸಿಗ್ನಲ್ಲಿನಲ್ಲೂ ಯಾರಿಗೂ ಬುದ್ಧಿ ಹೇಳಲಿಲ್ಲ.

ಮಗಳು ಬಾಗಿಲು ತೆರೆದವಳು ಬೆರಗಾಗಿ ಹಾಗೇ ಪಕ್ಕಕ್ಕೆ ಸರಿದಳು. ಒಳಗಿನ ಕೋಣೆಯಲ್ಲಿ, ಗೋಡೆಗೆ ಹತ್ತಿಸಿದ ಮಂಚದ ಮೇಲೆ ಓರಗಿತ್ತಿ ಮಲಗಿದ್ದಳು. ಬೇಲಿಯ ಸಂದಿಯಲ್ಲಿ ನಾನು ಕಂಡಿದ್ದ ಎತ್ತರದ ಹೆಂಗಸು ಇವಳೇನಾ ಅನ್ನಿಸುವಷ್ಟು ಕುಗ್ಗಿದ್ದಳು.

"ಯಾರದು?"

"ನಾನು."

"ನಾನು ಅಂದ್ರೆ?"

"ನಾನು ಕಣಕ್ಕ" ಎಂದು ಅತ್ತೆ ಹತ್ತಿರ ಹೋದಳು. "ಬಿದ್ದೆ ಅಂತ ಒಂದು ಮಾತು ಹೇಳ್ ಕಳಿಸ್ಬಾರ್ದಾ?"

ಓರಗಿತ್ತಿ ಅವಳ ಕಡೆ ತಲೆ ಹೊರಳಿಸಿದಳು. "ಹೆಂಗ್ ಹೇಳ್ ಕಳಿಸ್ಲಿ?" ಎಂದಳು. "ಮಾತ್ ಬಿಟ್ಟಿದ್ವಲ್ಲ."

ಮಗಳಿಗೆ ನಗು ತಡೆಯಲಾಗಲಿಲ್ಲ, ನನಗೂ. ಆ ಇಬ್ಬರಿಗೆ ಮಾತ್ರ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಅತ್ತೆ ಲೋಟ ಕೇಳಿ ಚೊಂಬಿನ ನೀರು ಬಗ್ಗಿಸಿದಳು, ಓರಗಿತ್ತಿಯ ತಲೆಯ ಹಿಂದೆ ಕೈಕೊಟ್ಟು ಎತ್ತಿ ಕುಡಿಸಿದಳು. ಅವಳು ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡಿದ್ದು ನುಂಗಿದಳು.

"ನಮ್ ಬಾವೀದು" ಎಂದಳು. ಇನ್ನೊಂದು ಗುಟುಕು ಕುಡಿದಳು. "ಪೈಪ್ ವಾಸ್ನೆ ಹೊಡೀತದೆ."

"ಹೊಸ ಪೈಪು. ನಾಲ್ಕು ದಿನ ಹೋದ್ರೆ ಸರಿಹೋಗ್ತದೆ. ನಿನ್ ಹೂವಿನ ಗಿಡಕ್ಕೂ ಒಂದು ಪೈಪ್ ಎಳೆಸ್ತೀನಿ ಬಿಡು, ಬೇರು ಇನ್ನೂ ಹಸಿ ಇರ್ತದೆ" ಎಂದಳು ಅತ್ತೆ. ತಲೆಯನ್ನು ದಿಂಬಿಗೆ ಇಳಿಸುವಾಗ ಅವಳ ಕೈಗೆ ಓರಗಿತ್ತಿಯ ಜಡೆ ಸಿಕ್ಕಿತು. ಮಲಗಿ ಮಲಗಿ ಉಂಡೆಗಟ್ಟಿತ್ತು. "ಇದೇನಕ್ಕ ಹಿಂಗ್ ಮಾಡ್ಕೊಂಡಿದೀಯ? ಬಾಚಣಿಗೆ ತಾರಮ್ಮ" ಎಂದು ಮಗಳಿಗೆ ಹೇಳಿ, ಮಂಚದ ಅಂಚಿಗೆ ಕೂತು ಒಂದೊಂದೇ ಸಿಕ್ಕು ಬಿಡಿಸತೊಡಗಿದಳು. ಬೈಯುತ್ತಲೇ ಬಿಡಿಸಿದಳು. ಎಣ್ಣೆ ಹಚ್ಚದಿದ್ದಕ್ಕೆ ಬೈದಳು, 'ಒದ್ದೆ ಬಚ್ಚಲಲ್ಲಿ ಓಡಾಡು ಅಂತ ಯಾರು ಹೇಳಿದ್ರು' ಎಂದು ಬೈದಳು. ಓರಗಿತ್ತಿ ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಬೈಸಿಕೊಂಡಳು. ಮುಚ್ಚಿದ ಕಣ್ಣಿನ ತುದಿಯಿಂದ ನೀರು ಇಳಿದು ಕಿವಿಗೆ ಹೋಗುತ್ತಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸಿದಳು, ಬೈಯುವುದನ್ನು ನಿಲ್ಲಿಸಲಿಲ್ಲ.

ಹೊರಗೆ ಸಂಜೆಯಾಗುತ್ತಿತ್ತು. ನಾನು ಸ್ಕೂಟರಿನ ಕೀ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ.

"ನೀನ್ ಹೋಗು" ಎಂದಳು ಅತ್ತೆ, ಹಿಂದೆ ತಿರುಗದೆ. "ನಿಮ್ಮಪ್ಪನಿಗೆ ಹೇಳು, ಕೋಳಿ ಮುಚ್ಚಕ್ಕೆ. ನಾನಿವತ್ತು ಇಲ್ಲೇ ಇರ್ತೀನಿ."

ಮಗಳು ಒಳಗಿನಿಂದ ಚಾಪೆ ತಂದು ಮಂಚದ ಪಕ್ಕ ಹಾಸಲು ಹೋದಳು.

"ಚಾಪೆ ಯಾಕೆ? ಅವಳ ಮಂಡಿಗೆ ಥಂಡಿ ಆಗಿಬರಲ್ಲ" ಎಂದಳು ಓರಗಿತ್ತಿ. ಎರಡೂ ಕೈಯಲ್ಲಿ ಮಂಚದ ಪಟ್ಟಿ ಹಿಡಿದು, ಹಲ್ಲು ಕಚ್ಚಿ, ಆ ಮುರಿದ ಸೊಂಟವನ್ನು ಗೋಡೆಯ ಕಡೆಗೆ ಒಂದು ಗೇಣು ಸರಿಸಿದಳು.